ಮ್ಯಾಗ್ನೆಟ್ ಸುತ್ತ ಬರೆಯೋ ಗೆರೆ ಏನು ಹೇಳುತ್ತೆ? ಎಸ್ಸೆಸ್ಸೆಲ್ಸಿ ಚಿತ್ರದಿಂದ ಬೋರ್‌ವೆಲ್ ಮೋಟಾರಿನವರೆಗೆ

ಮೂರು ಫೇಸ್ ಕರೆಂಟಿನಲ್ಲಿ ಒಂದು ಫೇಸ್ ಕೈಕೊಟ್ಟಾಗ ಸ್ಟಾರ್ಟರ್ ಒತ್ತಿದರೆ ಬೋರ್‌ವೆಲ್ ಮೋಟಾರ್ ತಿರುಗಲ್ಲ, ಗುಂಯ್ ಅಂತ ಸದ್ದು ಮಾಡುತ್ತಾ ನಿಲ್ಲುತ್ತೆ. ಗಮನಿಸದೆ ಹಾಗೇ ಬಿಟ್ಟರೆ ಕಾಯಿಲ್ ಸುಟ್ಟಿತು ಅಂತಲೇ ಲೆಕ್ಕ. ಆಮೇಲೆ ಪೈಪ್ ಎತ್ತಬೇಕು, ಮೋಟಾರ್ ಮೇಲೆ ತರಬೇಕು, ವೈಂಡಿಂಗ್ ಅಂಗಡಿಗೆ ಹೊರಬೇಕು. ಅಷ್ಟರಲ್ಲಿ ಬೆಳೆ ಒಣಗಿರುತ್ತೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆ ಬೋರ್‌ವೆಲ್ ನಂಬಿಕೊಂಡ ರೈತರಲ್ಲಿ ಈ ಕಷ್ಟ ಗೊತ್ತಿಲ್ಲದವರು ಕಡಿಮೆ.

ಆದರೆ ಒಂದು ಪ್ರಶ್ನೆ ಉಳಿಯುತ್ತೆ. ಉಳಿದ ಎರಡು ಫೇಸ್‌ನಲ್ಲಿ ಕರೆಂಟ್ ಇದೆ, ಕಾಯಿಲ್‌ನಲ್ಲಿ ಅದು ಹರೀತಾನೂ ಇದೆ, ಮೋಟಾರ್ ಬಿಸಿಯೂ ಆಗ್ತಿದೆ. ಮತ್ತೆ ತಿರುಗೋದು ಯಾಕಿಲ್ಲ?

ಇದರ ಉತ್ತರ ಅದೇ ರೈತರ ಮಕ್ಕಳು ಓದೋ ಹತ್ತನೇ ತರಗತಿ ವಿಜ್ಞಾನ ಪುಸ್ತಕದಲ್ಲಿದೆ. ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳ ಪಾಠದ ಆರಂಭದಲ್ಲೇ ಬರುವ ಚಿತ್ರ ಅದು. ನಡುವೆ ಒಂದು ದಂಡಕಾಂತ, ಅದರ ಒಂದು ತುದಿಯಿಂದ ಹೊರಟು ಬಿಲ್ಲಿನಂತೆ ಬಾಗಿ ಇನ್ನೊಂದು ತುದಿಗೆ ಸೇರುವ ಗೆರೆಗಳು. ಕಾಂತೀಯ ಬಲರೇಖೆಗಳು ಅಂತ ಅವಕ್ಕೆ ಹೆಸರು. ಎರಡು ಬಲರೇಖೆಗಳು ಒಂದನ್ನೊಂದು ಯಾಕೆ ಛೇದಿಸಲ್ಲ ಅನ್ನೋ ಪ್ರಶ್ನೆ ಪಾಠದೊಳಗೇ ಇದೆ. ಮಕ್ಕಳು ಉತ್ತರ ಬಾಯಿಪಾಠ ಮಾಡ್ತಾರೆ, ಅಂಕ ಬರುತ್ತೆ. ಆದರೆ ಆ ಗೆರೆ ಅಂದ್ರೆ ನಿಜಕ್ಕೂ ಏನು, ಅದು ಗಾಳಿಯಲ್ಲಿ ಇದೆಯೋ ಇಲ್ಲವೋ ಅಂತ ಕೇಳಿದರೆ ಬಹಳ ಜನ ತಡವರಿಸ್ತಾರೆ.

ಹೆಜ್ಜೆಗೊಂದು ಕೈಕಂಬ

ಎಚ್.ಡಿ.ಕೋಟೆಯ ಹ್ಯಾಂಡ್‌ಪೋಸ್ಟ್ ಸರ್ಕಲ್ ಎಲ್ಲರಿಗೂ ಗೊತ್ತು. ಹ್ಯಾಂಡ್‌ಪೋಸ್ಟ್ ಅಂದರೆ ದಾರಿ ತೋರಿಸೋ ಕೈ ಇರುವ ಕಂಬ. ಮಲೆನಾಡು, ಕರಾವಳಿ ಕಡೆ ಇದೇ ಅರ್ಥದಲ್ಲಿ ಕೈಮರ, ಕೈಕಂಬ ಅಂತ ಊರುಗಳೇ ಇವೆ. ಕಾಂತಕ್ಷೇತ್ರ ಅಂದರೆ ಏನು ಅಂತ ತಿಳಿಯೋಕೆ ಈ ಕಂಬಕ್ಕಿಂತ ಹತ್ತಿರದ ಹೋಲಿಕೆ ಸಿಗೋದು ಕಷ್ಟ.

ಒಂದು ಮ್ಯಾಗ್ನೆಟ್ ಸುತ್ತಲಿನ ಜಾಗದಲ್ಲಿ ಎಲ್ಲಿ ಬೇಕಾದರೂ ಒಂದು ಪುಟ್ಟ ದಿಕ್ಸೂಚಿ ಇಡಬಹುದು. ಇಟ್ಟ ಕಡೆಯೆಲ್ಲ ಅದರ ಮುಳ್ಳು ಯಾವುದೋ ಒಂದು ದಿಕ್ಕಿಗೆ ತಿರುಗಿ ನಿಲ್ಲುತ್ತೆ. ಒಂದಿಂಚು ಪಕ್ಕಕ್ಕೆ ಸರಿಸಿದರೆ ದಿಕ್ಕು ಸ್ವಲ್ಪ ಬದಲಾಗುತ್ತೆ. ಅಂದರೆ ಆ ಜಾಗದ ಪ್ರತಿ ಚುಕ್ಕೆಯಲ್ಲೂ ಕಣ್ಣಿಗೆ ಕಾಣದ ಒಂದು ಕೈಕಂಬ ನೆಟ್ಟ ಹಾಗೆ. ಪ್ರತಿ ಕಂಬಕ್ಕೂ ಒಂದು ಕೈ, ಪ್ರತಿ ಕೈಗೂ ಒಂದು ದಿಕ್ಕು, ಜೊತೆಗೆ ಇಷ್ಟು ಬಲ ಅನ್ನೋ ಒಂದು ಅಳತೆ. ಈ ಕಂಬಗಳ ಇಡೀ ಗುಂಪಿಗೆ ಕಾಂತಕ್ಷೇತ್ರ ಅಂತ ಹೆಸರು.

ಈಗ ಯಾರೋ ಒಂದು ಕಂಬದ ಬುಡದಿಂದ ಹೊರಟರು ಅಂತಿಟ್ಟುಕೊಳ್ಳೋಣ. ಕೈ ತೋರಿಸಿದ ಕಡೆ ಒಂದು ಹೆಜ್ಜೆ. ಅಲ್ಲಿನ ಕಂಬ ನೋಡಿ ಅದು ತೋರಿಸಿದ ಕಡೆ ಇನ್ನೊಂದು ಹೆಜ್ಜೆ. ಹೀಗೇ ನಡೆದ ದಾರಿಯನ್ನ ಪೆನ್ಸಿಲಿನಲ್ಲಿ ಗುರುತು ಮಾಡಿದರೆ ಸಿಗೋದೇ ಬಲರೇಖೆ. ಶಾಲೆಯಲ್ಲಿ ದಿಕ್ಸೂಚಿ ಸರಿಸಿ ಸರಿಸಿ ಚುಕ್ಕೆ ಇಟ್ಟು ಸೇರಿಸೋ ಪ್ರಯೋಗ ಮಾಡಿಸೋದು ಇದನ್ನೇ. ಬೇರೆ ಜಾಗದಿಂದ ಹೊರಟರೆ ಬೇರೆ ಗೆರೆ. ಎಷ್ಟು ಗೆರೆ ಬರೀಬೇಕು ಅನ್ನೋದು ಬರೆಯೋರ ಇಷ್ಟ. ಹತ್ತು ಬರೆದರೂ ಅದೇ ಕ್ಷೇತ್ರ, ಸಾವಿರ ಬರೆದರೂ ಅದೇ ಕ್ಷೇತ್ರ. ಎರಡು ಗೆರೆಗಳ ನಡುವಿನ ಖಾಲಿ ಜಾಗ ನಿಜವಾಗಿ ಖಾಲಿ ಅಲ್ಲ, ಅಲ್ಲೂ ಕಂಬಗಳಿವೆ, ಗೆರೆ ಎಳೆದಿಲ್ಲ ಅಷ್ಟೆ.

ಛೇದಿಸಲ್ಲ ಯಾಕೆ ಅನ್ನೋದಕ್ಕೆ ಇಷ್ಟು ತಿಳಿದರೆ ಬಾಯಿಪಾಠ ಬೇಕಿಲ್ಲ. ಎರಡು ಗೆರೆ ಒಂದು ಚುಕ್ಕೆಯಲ್ಲಿ ಕತ್ತರಿಸಿದರೆ ಆ ಚುಕ್ಕೆಯ ಕಂಬ ಒಂದೇ ಕೈಯಿಂದ ಎರಡು ದಾರಿ ತೋರಿಸಬೇಕಾಗುತ್ತೆ. ದಿಕ್ಸೂಚಿಯ ಮುಳ್ಳು ಒಂದೇ. ಅದು ಒಂದು ಕಡೆಗಷ್ಟೇ ನಿಲ್ಲೋಕೆ ಸಾಧ್ಯ. ಎರಡು ಮ್ಯಾಗ್ನೆಟ್ ಪಕ್ಕಪಕ್ಕ ಇದ್ದರೂ ಅಷ್ಟೆ, ಎರಡರ ಪ್ರಭಾವ ಕೂಡಿ ಅಲ್ಲೊಂದು ಹೊಸ ದಿಕ್ಕು ಹುಟ್ಟುತ್ತೆ. ಆದರೆ ಕೆಲವು ಜಾಗಗಳಲ್ಲಿ ಎರಡರ ಬಲ ಸರಿಸಮ, ದಿಕ್ಕು ವಿರುದ್ಧ ಆಗಿ ಒಂದನ್ನೊಂದು ಪೂರ್ತಿ ಹೊಡೆದು ಹಾಕುತ್ತೆ. ಅಲ್ಲಿ ಕಂಬ ಇದ್ದರೂ ಕೈ ಇಲ್ಲ. ತಟಸ್ಥ ಬಿಂದು ಅಂತ ಅದನ್ನ ಕರೀತಾರೆ. ಈ ಬಿಂದು ಸೂರ್ಯನ ವಿಚಾರ ಬಂದಾಗ ಮತ್ತೆ ಬೇಕಾಗುತ್ತೆ.

ಕಬ್ಬಿಣದ ಪುಡಿ ಹೇಳೋ ಅರ್ಧ ಸುಳ್ಳು

ಗೆರೆಗಳು ನಿಜವಾಗಿಯೂ ಇವೆ ಅನ್ನೋ ಭಾವನೆ ಬರೋಕೆ ಕಾರಣ ಕಬ್ಬಿಣದ ಪುಡಿಯ ಪ್ರಯೋಗ. ಕಾಗದದ ಕೆಳಗೆ ಮ್ಯಾಗ್ನೆಟ್ ಇಟ್ಟು ಮೇಲೆ ಪುಡಿ ಉದುರಿಸಿ ಬೆರಳಲ್ಲಿ ತಟ್ಟಿದರೆ ಗೆರೆಗೆರೆಯಾಗಿ ಜೋಡಿಸಿಕೊಳ್ಳುತ್ತೆ. ಕಣ್ಣಾರೆ ಕಂಡ ಮೇಲೆ ಇಲ್ಲ ಅನ್ನೋದು ಹೇಗೆ?

ನಡೆಯೋದು ಬೇರೆ. ಕಾಂತಕ್ಷೇತ್ರದಲ್ಲಿ ಬಿದ್ದ ಪ್ರತಿ ಕಬ್ಬಿಣದ ಚೂರೂ ತಾತ್ಕಾಲಿಕವಾಗಿ ಒಂದು ಪುಟ್ಟ ಮ್ಯಾಗ್ನೆಟ್ ಆಗುತ್ತೆ. ಅದಕ್ಕೂ ಉತ್ತರ, ದಕ್ಷಿಣ ತುದಿ ಬರುತ್ತೆ. ಒಂದರ ಉತ್ತರ ತುದಿ ಮುಂದಿನದರ ದಕ್ಷಿಣ ತುದಿಯನ್ನ ಹಿಡಿಯುತ್ತೆ, ರೈಲು ಡಬ್ಬಿ ಕೊಂಡಿ ಹಾಕಿಕೊಂಡ ಹಾಗೆ. ಸರಪಳಿ ಬೆಳೆದಂತೆ ಪಕ್ಕದ ಚೂರುಗಳನ್ನೂ ಅದು ತನ್ನ ಕಡೆ ಎಳೆದುಕೊಳ್ಳುತ್ತೆ. ಅದಕ್ಕೇ ಸಾಲುಗಳ ನಡುವೆ ಜಾಗ ಖಾಲಿ ಬೀಳೋದು. ಪುಡಿ ಚೆಲ್ಲಿ ಮತ್ತೊಮ್ಮೆ ಉದುರಿಸಿದರೆ ಸಾಲುಗಳು ಹಳೇ ಜಾಗದಲ್ಲೇ ಬರಲ್ಲ. ಒಟ್ಟು ಆಕಾರ ಅದೇ, ಆದರೆ ಒಂದೊಂದು ಗೆರೆಯೂ ಬೇರೆ ಕಡೆ. ಗೆರೆಗಳು ಗಾಳಿಯಲ್ಲಿ ನೂಲಿನಂತೆ ಇದ್ದಿದ್ದರೆ ಪ್ರತಿ ಸಲವೂ ಅದೇ ಜಾಗದಲ್ಲಿ ಕಾಣಬೇಕಿತ್ತು. ದಿಕ್ಕು, ಆಕಾರದ ವಿಷಯದಲ್ಲಿ ಪುಡಿ ಸತ್ಯ ಹೇಳುತ್ತೆ, ಎಣಿಕೆಯ ವಿಷಯದಲ್ಲಿ ಮಾತ್ರ ಸುಳ್ಳು.

ಅಂದ ಹಾಗೆ ಈ ಪ್ರಯೋಗಕ್ಕೆ ಪುಡಿ ಕೊಳ್ಳೋ ಅಗತ್ಯವಿಲ್ಲ. ಹಳೇ ಸ್ಪೀಕರಿನ ಉಂಗುರದಂಥ ಮ್ಯಾಗ್ನೆಟ್ಟಿಗೆ ದಾರ ಕಟ್ಟಿ ಮಳೆ ನಿಂತ ಮೇಲೆ ರಸ್ತೆ ಬದಿಯ ಮರಳಲ್ಲೋ ಲಕ್ಷ್ಮಣತೀರ್ಥ, ಕಬಿನಿ ದಡದಲ್ಲೋ ಎಳೆದರೆ ಕಪ್ಪು ಪುಡಿ ಗಡ್ಡದ ಹಾಗೆ ಮೆತ್ತಿಕೊಳ್ಳುತ್ತೆ. ಹಳ್ಳಿ ಮಕ್ಕಳಿಗೆ ಇದು ಹಳೇ ಆಟ. ಬಂಡೆ ಸವೆದು ಬಂದ ಮ್ಯಾಗ್ನೆಟೈಟ್ ಅನ್ನೋ ಖನಿಜ ಅದು. ಸರಗೂರಿನ ಹೆಸರಲ್ಲೇ ಭೂವಿಜ್ಞಾನಿಗಳು ಗುರುತಿಸೋ ಒಂದು ಶಿಲಾಸಮೂಹ ಇದೆ. 300 ಕೋಟಿ ವರ್ಷಕ್ಕೂ ಹಳೆಯ ಆ ಕಲ್ಲುಗಳಲ್ಲಿ ಮ್ಯಾಗ್ನೆಟೈಟ್ ಪಟ್ಟೆಗಳೂ ಸೇರಿವೆ.

ದಟ್ಟ ಎಲ್ಲಿ, ವಿರಳ ಎಲ್ಲಿ

ಬಲರೇಖೆಗಳನ್ನ ನಿಯಮದಂತೆ ಬರೆದರೆ ದಿಕ್ಕಿನ ಜೊತೆಗೆ ಬಲವೂ ಅದರಲ್ಲಿ ಬಂದುಬಿಡುತ್ತೆ. ಗೆರೆಗಳು ಒತ್ತೊತ್ತಾಗಿರುವ ಕಡೆ ಕ್ಷೇತ್ರ ಜೋರು, ದೂರದೂರ ಇರುವ ಕಡೆ ಸಪ್ಪೆ. ಮ್ಯಾಗ್ನೆಟ್ಟಿನ ತುದಿಗಳಲ್ಲಿ ಗೆರೆ ಮುತ್ತಿಕೊಂಡಿರೋದು, ಮೊಳೆ ಅಲ್ಲೇ ಹೆಚ್ಚು ಕಚ್ಚಿಕೊಳ್ಳೋದು, ಎರಡಕ್ಕೂ ಕಾರಣ ಒಂದೇ.

ಇನ್ನೊಂದು ಗುಣ, ಈ ಗೆರೆಗಳಿಗೆ ಶುರುವೂ ಇಲ್ಲ, ಕೊನೆಯೂ ಇಲ್ಲ. ಹೊರಗೆ ಉತ್ತರ ಧ್ರುವದಿಂದ ದಕ್ಷಿಣ ಧ್ರುವಕ್ಕೆ ಬಂದದ್ದು ಮ್ಯಾಗ್ನೆಟ್ಟಿನ ಒಳಗೆ ದಕ್ಷಿಣದಿಂದ ಉತ್ತರಕ್ಕೆ ಸಾಗಿ ಸುತ್ತು ಮುಗಿಸುತ್ತೆ. ಪರೀಕ್ಷೆಯಲ್ಲಿ ಬಹಳ ಮಕ್ಕಳು ಈ ಒಳಗಿನ ಭಾಗ ಮರೆತು ಗೆರೆಯನ್ನ ತುದಿಯಲ್ಲೇ ನಿಲ್ಲಿಸಿಬಿಡ್ತಾರೆ. ಮ್ಯಾಗ್ನೆಟ್ ಮುರಿದರೆ ಉತ್ತರ ಒಂದು ಕಡೆ, ದಕ್ಷಿಣ ಒಂದು ಕಡೆ ಬೇರೆಯಾಗದೆ ಎರಡು ಪೂರ್ಣ ಮ್ಯಾಗ್ನೆಟ್‌ಗಳೇ ಸಿಗೋದು ಇದಕ್ಕೇ. ಒಂದೇ ಧ್ರುವ ಇರುವ ಮ್ಯಾಗ್ನೆಟ್ಟನ್ನ ಇದುವರೆಗೆ ಯಾರೂ ಕಂಡುಹಿಡಿದಿಲ್ಲ.

ಈ ಗೆರೆಗಳ ಕಲ್ಪನೆ ಬಂದದ್ದು ಇಂಗ್ಲೆಂಡಿನ ಮೈಕೆಲ್ ಫ್ಯಾರಡೆಯಿಂದ. ಪುಸ್ತಕಕ್ಕೆ ರಟ್ಟು ಕಟ್ಟೋ ಅಂಗಡಿಯಲ್ಲಿ ಕೆಲಸ ಕಲಿತು ಬೆಳೆದ ಆತನಿಗೆ ಗಣಿತ ಅಷ್ಟಾಗಿ ಬರ್ತಾ ಇರಲಿಲ್ಲ. ಅದಕ್ಕೇ ಚಿತ್ರದಲ್ಲಿ ಯೋಚನೆ ಮಾಡಿದ. ಗೆರೆಗಳನ್ನ ಎಳೆದು ಹಿಡಿದ ರಬ್ಬರ್ ಬ್ಯಾಂಡ್ ಅಂತ ಭಾವಿಸಿದರೆ ಸಾಕು, ಅವು ಉದ್ದಕ್ಕೆ ಕುಗ್ಗೋಕೆ ನೋಡುತ್ತವೆ, ಅಕ್ಕಪಕ್ಕದವು ಒಂದನ್ನೊಂದು ದೂಡುತ್ತವೆ. ಉತ್ತರ, ದಕ್ಷಿಣ ಎದುರಾದರೆ ಗೆರೆಗಳು ಒಂದರಿಂದ ಇನ್ನೊಂದಕ್ಕೆ ಹಾಯುತ್ತವೆ, ರಬ್ಬರ್ ಕುಗ್ಗಿದಂತೆ ಮ್ಯಾಗ್ನೆಟ್‌ಗಳು ಹತ್ತಿರ ಬರುತ್ತವೆ. ಉತ್ತರಕ್ಕೆ ಉತ್ತರ ಎದುರಾದರೆ ಗೆರೆಗಳು ಮುಖ ತಿರುಗಿಸಿ ಒತ್ತಿಕೊಳ್ಳುತ್ತವೆ, ದೂಡುತ್ತವೆ. 1831ರಲ್ಲಿ ಫ್ಯಾರಡೆ, ತಂತಿಯ ಸುತ್ತಿನೊಳಗೆ ಹಾಯೋ ಈ ಗೆರೆಗಳ ಸಂಖ್ಯೆ ಹೆಚ್ಚುಕಮ್ಮಿ ಆದಾಗ ತಂತಿಯಲ್ಲಿ ಕರೆಂಟ್ ಹುಟ್ಟುತ್ತೆ ಅಂತ ತೋರಿಸಿದ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿಂದ ಕರೆಂಟ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದೂ ಈ ತತ್ವದ ಮೇಲೇ. ಗೆರೆ ಬರೀ ಚಿತ್ರ ಆದರೂ ಅದನ್ನ ಓದೋಕೆ ಬಂದವರಿಗೆ ಮುಂದೇನಾಗುತ್ತೆ ಅಂತ ಹೇಳೋಕೆ ಆಗುತ್ತೆ.

ತಿರುಗಿಸೋದು ಬೇರೆ, ಎಳೆಯೋದು ಬೇರೆ

ಗೆರೆಗಳ ಆಕಾರ ನೋಡಿ ಹೇಳಬಹುದಾದ ಒಂದು ಮುಖ್ಯ ಸಂಗತಿ ಶಾಲೆಯಲ್ಲಿ ಅಷ್ಟಾಗಿ ಒತ್ತಿ ಹೇಳಲ್ಲ. ಗೆರೆಗಳು ಒಂದಕ್ಕೊಂದು ಸಮಾನಾಂತರವಾಗಿ, ಸಮ ಅಂತರದಲ್ಲಿ ಇದ್ದರೆ ಅಲ್ಲಿಟ್ಟ ಸೂಜಿ ತಿರುಗುತ್ತೆ ಹೊರತು ಯಾವ ಕಡೆಗೂ ಎಳೆಯಲ್ಪಡಲ್ಲ. ಉತ್ತರ ತುದಿಯನ್ನ ಎಷ್ಟು ಬಲ ಮುಂದಕ್ಕೆ ದೂಡುತ್ತೋ ಅಷ್ಟೇ ಬಲ ದಕ್ಷಿಣ ತುದಿಯನ್ನ ಹಿಂದಕ್ಕೆ ದೂಡುತ್ತೆ. ಎಳೆತ ಬರಬೇಕಾದರೆ ಗೆರೆಗಳು ಒಂದು ಕಡೆ ದಟ್ಟ, ಇನ್ನೊಂದು ಕಡೆ ವಿರಳ ಇರಬೇಕು, ಮ್ಯಾಗ್ನೆಟ್ಟಿನ ತುದಿಯ ಹತ್ತಿರ ಇರುವಂತೆ.

ಭೂಮಿಯೂ ಒಂದು ದೊಡ್ಡ ಮ್ಯಾಗ್ನೆಟ್. ಆದರೆ ಒಂದು ಕೋಣೆಯಷ್ಟು ಜಾಗದಲ್ಲಿ ಅದರ ಗೆರೆಗಳು ಹೆಚ್ಚುಕಮ್ಮಿ ಪೂರ್ತಿ ಸಮಾನಾಂತರ. ಲಂಡನ್ನಿನಲ್ಲಿ ದಿಕ್ಸೂಚಿ ತಯಾರಿಸುತ್ತಿದ್ದ ರಾಬರ್ಟ್ ನಾರ್ಮನ್ 1581ರಲ್ಲೇ ಇದನ್ನ ಪರೀಕ್ಷೆ ಮಾಡಿ ಬರೆದಿದ್ದ. ಬಿರಡೆಗೆ ಸಿಕ್ಕಿಸಿ ನೀರಿನಲ್ಲಿ ಬಿಟ್ಟ ಕಾಂತಸೂಜಿ ಉತ್ತರಕ್ಕೆ ಮುಖ ಮಾಡಿತು, ಆದರೆ ಉತ್ತರದ ದಡಕ್ಕೆ ತೇಲಿ ಹೋಗಲಿಲ್ಲ. ತಟ್ಟೆಯಲ್ಲಿ ನೀರು, ಮೇಲೊಂದು ಎಲೆ, ಎಲೆ ಮೇಲೆ ಮ್ಯಾಗ್ನೆಟ್ಟಿಗೆ ಉಜ್ಜಿದ ಸೂಜಿ ಇಟ್ಟು ಯಾರು ಬೇಕಾದರೂ ನೋಡಬಹುದು.

ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಅನ್ನೋ ಮಾತು ಮನೆಮನೆಯಲ್ಲೂ ಇದೆ. ಸಂಪ್ರದಾಯ ಅಂತ ಪಾಲಿಸೋರು ಪಾಲಿಸಲಿ, ಅದು ಅವರವರ ವಿಷಯ. ಆದರೆ ಈಚೆಗೆ ವಾಟ್ಸಾಪಿನಲ್ಲಿ ಅದಕ್ಕೆ ವಿಜ್ಞಾನದ ಕಾರಣ ಅಂಟಿಸ್ತಾರೆ. ರಕ್ತದಲ್ಲಿ ಕಬ್ಬಿಣ ಇದೆ, ಭೂಮಿಯ ಮ್ಯಾಗ್ನೆಟ್ ಅದನ್ನ ಮೆದುಳಿನ ಕಡೆ ಎಳೆಯುತ್ತೆ ಅಂತ. ಈ ಕಾರಣ ಎರಡು ಕಡೆ ಬೀಳುತ್ತೆ. ಒಂದು, ಸಮಾನಾಂತರ ಗೆರೆಗಳು ಎಳೆಯೋದೇ ಇಲ್ಲ. ಎರಡು, ರಕ್ತದ ಕಬ್ಬಿಣ ಮೊಳೆಯ ಕಬ್ಬಿಣದಂತೆ ಇರಲ್ಲ, ಹಿಮೋಗ್ಲೋಬಿನ್ನಿನ ಅಣುವಿನೊಳಗೆ ಒಂದೊಂದೇ ಪರಮಾಣುವಾಗಿ ಸಿಕ್ಕಿಕೊಂಡಿರುತ್ತೆ. ಮ್ಯಾಗ್ನೆಟ್ಟಿಗೆ ಅದು ತೋರಿಸೋ ಸ್ಪಂದನೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಮ್ಮ ಭಾಗದಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ. ಎಂಆರ್‌ಐ ಸ್ಕ್ಯಾನಿಂಗ್ ಯಂತ್ರದ್ದು ಸಾಮಾನ್ಯವಾಗಿ 1.5 ಟೆಸ್ಲಾ, ಅಂದರೆ 37 ಸಾವಿರ ಪಟ್ಟಿಗೂ ಹೆಚ್ಚು. ಅದರೊಳಗೆ ಅರ್ಧ ಗಂಟೆ ಮಲಗಿ ಎದ್ದು ಬಂದವರ ರಕ್ತವೇ ಒಂದು ಕಡೆಗೆ ಸೇರಿಕೊಳ್ಳಲ್ಲ. ರಕ್ತ ಸಂಚಾರ ಸುಧಾರಿಸುತ್ತೆ ಅಂತ ಮ್ಯಾಗ್ನೆಟ್ ಹಾಸಿಗೆ, ಮ್ಯಾಗ್ನೆಟ್ ಬಳೆ, ಬೆಲ್ಟ್ ಮಾರೋಕೆ ಬರೋರಿಗೂ ಈ ಲೆಕ್ಕ ಹೇಳಬಹುದು. ಸಾವಿರಾರು ರೂಪಾಯಿ ಉಳಿಯುತ್ತೆ.

ನಮ್ಮೂರಲ್ಲಿ ಭೂಮಿಯ ಗೆರೆ ಹೇಗೆ ಹಾದು ಹೋಗುತ್ತೆ?

ಭೂಮಿಯ ಬಲರೇಖೆಗಳು ದಕ್ಷಿಣಾರ್ಧದಲ್ಲಿ ನೆಲದಿಂದ ಹೊರಬಿದ್ದು, ಆಕಾಶದಲ್ಲಿ ಬಾಗಿ, ಉತ್ತರಾರ್ಧದಲ್ಲಿ ನೆಲದೊಳಗೆ ಇಳಿಯುತ್ತವೆ. ದಿಕ್ಸೂಚಿಯ ಉತ್ತರ ತುದಿಯನ್ನ ಎಳೆಯೋದು ದಕ್ಷಿಣ ಧ್ರುವ ಆಗಿರಬೇಕಲ್ವಾ? ಹೌದು, ಭೂಮಿಯ ಉತ್ತರದಲ್ಲಿ ಇರೋದು ಕಾಂತದ ಲೆಕ್ಕದಲ್ಲಿ ದಕ್ಷಿಣ ಧ್ರುವ. ಮಕ್ಕಳು ಗಲಿಬಿಲಿಗೊಳ್ಳೋದು ಇಲ್ಲೇ, ಅದರಲ್ಲಿ ಅವರ ತಪ್ಪೇನಿಲ್ಲ, ಹೆಸರು ಇಟ್ಟವರದ್ದು.

ಲಂಡನ್ ಹತ್ತಿರ ಗೆರೆಗಳು ನೆಲಕ್ಕೆ ತುಂಬಾ ಕಡಿದಾಗಿ, 60 ಡಿಗ್ರಿಗೂ ಹೆಚ್ಚು ಓರೆಯಾಗಿ ಇಳಿಯುತ್ತವೆ. ದೆಹಲಿಯಲ್ಲಿ 40 ಡಿಗ್ರಿ ದಾಟುತ್ತೆ. ಮೈಸೂರು ಜಿಲ್ಲೆಗೆ ಬಂದರೆ ಅದು ಹತ್ತು ಡಿಗ್ರಿಯ ಆಸುಪಾಸು. ಅಂದರೆ ಹುಣಸೂರು, ಪಿರಿಯಾಪಟ್ಟಣದ ಹೊಲಗಳ ಮೇಲೆ ಭೂಮಿಯ ಬಲರೇಖೆಗಳು ದಕ್ಷಿಣದಿಂದ ಉತ್ತರಕ್ಕೆ ಹೆಚ್ಚುಕಮ್ಮಿ ನೆಲಕ್ಕೆ ಚಪ್ಪಟೆಯಾಗಿ ಹಾಯುತ್ತವೆ. ಇನ್ನೂ ದಕ್ಷಿಣಕ್ಕೆ, ಕೇರಳ, ತಮಿಳುನಾಡಿನ ತುದಿಗೆ ಹೋದರೆ ಪೂರ್ತಿ ಚಪ್ಪಟೆ. ಆ ಗಡಿಗೆ ಕಾಂತೀಯ ಸಮಭಾಜಕ ಅಂತ ಹೆಸರು. ಅಲ್ಲಿನ ಆಕಾಶದಲ್ಲಿ ನೂರು ಕಿಲೋಮೀಟರ್ ಎತ್ತರಕ್ಕೂ ಸ್ವಲ್ಪ ಮೇಲೆ ಹಗಲಿನಲ್ಲಿ ಒಂದು ವಿದ್ಯುತ್ ಪ್ರವಾಹವೇ ಹರಿಯುತ್ತೆ. ಅದನ್ನ ಅಭ್ಯಾಸ ಮಾಡೋಕೆ ಅನುಕೂಲ ಅಂತಲೇ ತಿರುವನಂತಪುರದ ಹತ್ತಿರದ ತುಂಬಾ ಅನ್ನೋ ಮೀನುಗಾರರ ಹಳ್ಳಿಯನ್ನ ಆರಿಸಿಕೊಂಡದ್ದು, 1963ರ ನವೆಂಬರ್ 21ರಂದು ಅಲ್ಲಿಂದ ಭಾರತ ಮೊದಲ ರಾಕೆಟ್ ಹಾರಿಸಿದ್ದು. ದೇಶದ ಬಾಹ್ಯಾಕಾಶ ಯಾತ್ರೆ ಶುರುವಾದ ಜಾಗವನ್ನ ಹೀಗೆ ಒಂದು ಬಲರೇಖೆಯ ಓರೆಯೇ ಗೊತ್ತು ಮಾಡಿತು.

ಪರೀಕ್ಷೆ ಮಾಡಬೇಕು ಅನ್ನೋರಿಗೆ ಮೊಬೈಲ್ ಸಾಕು. ದಿಕ್ಸೂಚಿ ತೋರಿಸೋ ಫೋನುಗಳಲ್ಲಿ ಕಾಂತಕ್ಷೇತ್ರ ಅಳೆಯೋ ಸಣ್ಣ ಚಿಪ್ ಇರುತ್ತೆ. ಅದರ ಅಂಕಿ ತೋರಿಸೋ ಉಚಿತ ಆ್ಯಪ್‌ಗಳು ಸಿಗುತ್ತವೆ. ಬೈಕು, ಕಬ್ಬಿಣದ ಮಂಚ, ಗೇಟು, ಟ್ರಾನ್ಸ್‌ಫಾರ್ಮರ್ ಇಲ್ಲದ ಬಯಲಿಗೆ ಹೋಗಿ ಫೋನನ್ನ ನೆಲಕ್ಕೆ ಮಟ್ಟವಾಗಿ ಹಿಡಿದರೆ ಒಟ್ಟು ಅಂಕಿ 40ರ ಹತ್ತಿರ ಬರಬೇಕು. ಮೂರು ದಿಕ್ಕಿನ ಅಂಕಿ ಬೇರೆಬೇರೆಯಾಗಿ ತೋರಿಸೋ ಆ್ಯಪ್ ಆದರೆ ಮೇಲೆ-ಕೆಳಗಿನ ದಿಕ್ಕಿನದು ತೀರಾ ಚಿಕ್ಕದಿರುತ್ತೆ. ಗೆರೆ ಮಲಗಿದೆ ಅನ್ನೋಕೆ ಅದೇ ಸಾಕ್ಷಿ.

ತಿರುಗೋದು ಗೆರೆ, ಅದರ ಹಿಂದೆ ಮೋಟಾರ್

ಈಗ ಬೋರ್‌ವೆಲ್ ವಿಚಾರ. 1820ರಲ್ಲಿ ಡೆನ್ಮಾರ್ಕಿನ ಅರ್‌ಸ್ಟೆಡ್ ಕರೆಂಟ್ ಹರಿಯೋ ತಂತಿಯ ಪಕ್ಕ ದಿಕ್ಸೂಚಿಯ ಮುಳ್ಳು ತಿರುಗೋದನ್ನ ತೋರಿಸಿದ. ತಂತಿಯ ಸುತ್ತಲೂ ಬಲರೇಖೆಗಳು ಬಳೆಯಂತೆ ಸುತ್ತಿಕೊಂಡಿರುತ್ತವೆ. ತಂತಿಯನ್ನ ಸುರುಳಿ ಮಾಡಿದರೆ ಈ ಬಳೆಗಳೆಲ್ಲ ಕೂಡಿ ಸುರುಳಿಯ ನಡುವೆ ಒಂದೇ ದಿಕ್ಕಿಗೆ ಹಾಯುತ್ತವೆ. ಮೋಟಾರಿನ ಹೊರಮೈಯಲ್ಲಿ ಕೂರಿಸಿರೋ ಕಾಯಿಲ್‌ಗಳ ಕೆಲಸ ಇದೇ. ಅದರ ಸುತ್ತ ಇರೋ ತೆಳು ಉಕ್ಕಿನ ತಗಡುಗಳ ಕಟ್ಟು ಗೆರೆಗಳಿಗೆ ಕಾಲುವೆ ಇದ್ದಂತೆ, ಗಾಳಿಗಿಂತ ಉಕ್ಕಿನಲ್ಲಿ ಹಾಯೋದು ಅವಕ್ಕೆ ಸಲೀಸು.

ಮೂರು ಫೇಸ್ ಅಂದರೆ ಮೂರು ತಂತಿಯ ಕರೆಂಟ್ ಒಟ್ಟಿಗೆ ಏರಿಳಿಯಲ್ಲ. ಒಂದು ತುತ್ತತುದಿಗೆ ಏರಿ ಇಳಿಯೋಕೆ ಶುರುವಾದ ಮೇಲೆ ಎರಡನೆಯದು ಏರುತ್ತೆ, ಆಮೇಲೆ ಮೂರನೆಯದು. ನಡುವಿನ ಅಂತರ ಒಂದು ಸೆಕೆಂಡಿನ 150ನೇ ಒಂದು ಭಾಗ. ಮೋಟಾರಿನೊಳಗೆ ಮೂರು ಫೇಸಿನ ಕಾಯಿಲ್‌ಗಳು ವೃತ್ತದಲ್ಲಿ ಸರದಿ ಪ್ರಕಾರ ಕೂತಿರುತ್ತವೆ. ಹಾಗಾಗಿ ಗೆರೆಗಳ ಕಟ್ಟು ಮೊದಲು ಒಂದು ಕಾಯಿಲಿನ ಕಡೆ, ಆಮೇಲೆ ಪಕ್ಕದ್ದರ ಕಡೆ, ಆಮೇಲೆ ಅದರಾಚೆಯದ್ದರ ಕಡೆ ಮುಖ ಮಾಡುತ್ತಾ ಇಡೀ ವೃತ್ತ ಸುತ್ತುತ್ತೆ. ಕಾಯಿಲ್ ಅಲುಗಾಡಲ್ಲ, ತಗಡು ಅಲುಗಾಡಲ್ಲ, ಕಾಂತಕ್ಷೇತ್ರ ಮಾತ್ರ ಗಿರಗಿರ ತಿರುಗುತ್ತೆ. ಎರಡು ಧ್ರುವದ ಸಬ್‌ಮರ್ಸಿಬಲ್ ಮೋಟಾರಿನಲ್ಲಿ ಸೆಕೆಂಡಿಗೆ 50 ಸುತ್ತು, ನಿಮಿಷಕ್ಕೆ 3000.

ನಡುವೆ ಇರೋ ರೋಟರಿಗೆ ಕರೆಂಟಿನ ತಂತಿಯೇ ಸೇರಿಸಿರಲ್ಲ. ಗೆರೆಗಳು ಅದರ ತಾಮ್ರದ ಅಥವಾ ಅಲ್ಯೂಮಿನಿಯಂ ಸರಳುಗಳನ್ನ ಹಾದು ಓಡುವಾಗ ಫ್ಯಾರಡೆ ಹೇಳಿದಂತೆ ಅದರೊಳಗೇ ಕರೆಂಟ್ ಹುಟ್ಟುತ್ತೆ, ಅದು ತಾನೇ ಮ್ಯಾಗ್ನೆಟ್ ಆಗುತ್ತೆ, ತಿರುಗೋ ಗೆರೆಗಳ ರಬ್ಬರ್ ಬ್ಯಾಂಡ್ ಅದನ್ನ ಹಿಂದೆ ಹಿಂದೆ ಎಳೆದುಕೊಂಡು ಹೋಗುತ್ತೆ. ರೋಟರ್ ಗೆರೆಯನ್ನ ಯಾವತ್ತೂ ಪೂರ್ತಿ ಹಿಡಿಯಲ್ಲ. ಹಿಡಿದುಬಿಟ್ಟರೆ ಗೆರೆ ಹಾಯೋದು ನಿಂತು ಎಳೆತವೇ ಹೋಗುತ್ತೆ. ಅದಕ್ಕೇ ಮೋಟಾರಿನ ಪ್ಲೇಟಿನ ಮೇಲೆ 3000ಕ್ಕಿಂತ ಸ್ವಲ್ಪ ಕಡಿಮೆ ವೇಗ ಬರೆದಿರುತ್ತೆ.

ಒಂದು ಫೇಸ್ ಹೋಯಿತು ಅಂತಿಟ್ಟುಕೊಳ್ಳಿ. ಉಳಿದ ಎರಡು ತಂತಿಗಳ ನಡುವೆ ಹರಿಯೋದು ಈಗ ಒಂದೇ ಕರೆಂಟ್, ಹೋಗೋದು ಒಂದರಲ್ಲಿ, ಬರೋದು ಇನ್ನೊಂದರಲ್ಲಿ. ಸರದಿ ಅನ್ನೋದೇ ಇಲ್ಲ. ಗೆರೆಗಳ ಕಟ್ಟು ಸುತ್ತೋದು ಬಿಟ್ಟು ಒಂದೇ ಸಾಲಿನಲ್ಲಿ ಹಿಂದಕ್ಕೂ ಮುಂದಕ್ಕೂ ತೂಗುತ್ತೆ. ನಿಂತ ರೋಟರಿಗೆ ಯಾವ ಕಡೆ ತಿರುಗಬೇಕು ಅನ್ನೋ ದಿಕ್ಕೇ ಸಿಗಲ್ಲ, ಎಡಕ್ಕೆ ಎಷ್ಟು ಎಳೆತವೋ ಬಲಕ್ಕೂ ಅಷ್ಟೇ. ಕೇಳೋ ಗುಂಯ್ ಸದ್ದು ಆ ತೂಗಾಟಕ್ಕೆ ತಗಡು ನಡುಗೋದರದ್ದು. ತಿರುಗದ ರೋಟರ್ ವಿಪರೀತ ಕರೆಂಟ್ ಎಳೆಸುತ್ತೆ, ಕಾಯಿಲ್ ಕಾಯುತ್ತೆ, ತಂತಿಯ ಮೇಲಿನ ಹೊದಿಕೆ ಸುಡುತ್ತೆ.

ಓಡುತ್ತಿರುವಾಗಲೇ ಫೇಸ್ ಹೋದರೆ ಇನ್ನೂ ಮೋಸ. ವೇಗದಲ್ಲಿರೋ ರೋಟರ್ ತೂಗಾಟದ ಗೆರೆಯಲ್ಲೂ ಹೇಗೋ ಓಡ್ತಾ ಇರುತ್ತೆ, ನೀರೂ ಬರ್ತಿರುತ್ತೆ. ಆದರೆ ಮೂರು ಫೇಸಿನ ಕೆಲಸ ಎರಡು ತಂತಿ ಹೊರಬೇಕಾಗಿ ಅವು ಒಳಗೊಳಗೇ ಕಾಯುತ್ತವೆ. ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸೋದು ಇದಕ್ಕೇ, ಫೇಸ್ ತಪ್ಪಿದ ಕೂಡಲೇ ಅದು ಮೋಟಾರನ್ನ ನಿಲ್ಲಿಸುತ್ತೆ. ಮೋಟಾರ್ ಓಡಬೇಕು ಅಂತ ಅದನ್ನ ಬೈಪಾಸ್ ಮಾಡಿಸೋರು ಇದ್ದಾರೆ. ಉಳಿಯೋದು ಒಂದೆರಡು ಗಂಟೆ ನೀರು, ಹೋಗೋದು ಇಡೀ ವೈಂಡಿಂಗ್.

ಕೆಪಾಸಿಟರ್ ಹಾಕಿ ಸಿಂಗಲ್ ಫೇಸಿನಲ್ಲೇ ಮೋಟಾರ್ ಓಡಿಸೋದು ಹೇಗೆ ಮತ್ತೆ? ಕೆಪಾಸಿಟರ್ ಎರಡನೇ ಕಾಯಿಲಿನ ಕರೆಂಟಿನ ಹೊತ್ತನ್ನ ಮೊದಲನೆಯದಕ್ಕಿಂತ ಬೇರೆ ಮಾಡುತ್ತೆ. ಸರದಿ ಮತ್ತೆ ಹುಟ್ಟುತ್ತೆ, ಗೆರೆ ಕುಂಟುತ್ತಾದರೂ ಸುತ್ತುತ್ತೆ. ಮನೆಯ ಫ್ಯಾನ್ ತಿರುಗೋದೂ ಹೀಗೇ. ಕೆಪಾಸಿಟರ್ ಹಾಳಾದ ಫ್ಯಾನನ್ನ ಕೋಲಿನಿಂದ ತಳ್ಳಿದರೆ ತಳ್ಳಿದ ಕಡೆಗೇ ನಿಧಾನ ತಿರುಗೋದು ನೋಡಿದವರಿಗೆ ತೂಗಾಟದ ಗೆರೆ ಅಂದರೇನು ಅಂತ ಬೇರೆ ಹೇಳಬೇಕಿಲ್ಲ. ಇನ್ನು ಲೈನ್ ರಿಪೇರಿ ಆದ ಮೇಲೆ ಬೋರಿನ ನೀರು ಇದ್ದಕ್ಕಿದ್ದಂತೆ ಕಡಿಮೆಯಾದರೆ ಬೋರ್ ಬತ್ತಿತು ಅಂತ ಗಾಬರಿಯಾಗೋ ಮೊದಲು ಎಲೆಕ್ಟ್ರಿಷಿಯನ್ ಕರೆದು ಫೇಸ್ ನೋಡಿಸೋದು ಒಳ್ಳೇದು. ಎರಡು ಫೇಸ್ ಅದಲುಬದಲಾದರೆ ಸರದಿ ತಿರುಗುಮುರುಗಾಗಿ ಗೆರೆಯೂ ಉಲ್ಟಾ ಸುತ್ತುತ್ತೆ, ಪಂಪ್ ಹಿಂದಕ್ಕೆ ತಿರುಗುತ್ತಾ ಅರೆಬರೆ ನೀರು ಎತ್ತುತ್ತೆ.

ಬೆಂಗಳೂರಿನ ಮೀಟರ್, 15 ಲಕ್ಷ ಕಿಲೋಮೀಟರ್ ದೂರ

ಬಲರೇಖೆಯ ದಿಕ್ಕಿನ ಮೇಲೆ ಕಣ್ಣಿಟ್ಟು ಕೂತ ಒಂದು ಸಾಧನ ಕರ್ನಾಟಕದಿಂದಲೇ ಹೋಗಿದೆ. 2023ರ ಸೆಪ್ಟೆಂಬರ್ 2ರಂದು ಇಸ್ರೋ ಹಾರಿಸಿದ ಆದಿತ್ಯ-ಎಲ್1 ನೌಕೆಯಲ್ಲಿ ಸೂರ್ಯನ ಕಡೆಯಿಂದ ಬರುವ ಕಾಂತಕ್ಷೇತ್ರ ಅಳೆಯೋ ಮ್ಯಾಗ್ನೆಟೋಮೀಟರ್ ಇದೆ. ತಯಾರಾದದ್ದು ಬೆಂಗಳೂರಿನ ಇಸ್ರೋ ಪ್ರಯೋಗಾಲಯ ಲಿಯೋಸ್‌ನಲ್ಲಿ. ನೌಕೆ 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ಜಾಗ ಸೇರಿತು. ಐದು ದಿನದ ಮೇಲೆ, ಮಡಚಿಟ್ಟಿದ್ದ 6 ಮೀಟರ್ ಉದ್ದದ ಒಂದು ತೋಳು ಬಿಚ್ಚಿಕೊಂಡಿತು. ಅದರ ತುದಿಯಲ್ಲಿ ಒಂದು ಸೆನ್ಸರ್, ಮಧ್ಯದಲ್ಲಿ 3 ಮೀಟರ್ ಹತ್ತಿರ ಇನ್ನೊಂದು.

ಇಷ್ಟುದ್ದ ತೋಳು ಯಾಕೆ ಅಂದರೆ ಅಲ್ಲಿ ಅಳೆಯಬೇಕಾದ್ದು ಕೆಲವೇ ನ್ಯಾನೋಟೆಸ್ಲಾ, ಹುಣಸೂರಿನ ಬಯಲಲ್ಲಿ ಮೊಬೈಲ್ ತೋರಿಸೋದರ ಸಾವಿರಾರು ಪಟ್ಟು ಕಡಿಮೆ. ನೌಕೆಯ ಒಳಗಿನ ತಂತಿಗಳ ಕರೆಂಟೇ ಅದಕ್ಕಿಂತ ಜೋರಾದ ಗೆರೆ ಹುಟ್ಟಿಸುತ್ತೆ. ಹತ್ತಿರದ ಮತ್ತು ದೂರದ ಸೆನ್ಸರ್‌ಗಳ ಅಂಕಿ ಹೋಲಿಸಿದರೆ ನೌಕೆಯದ್ದು ಎಷ್ಟು, ಸೂರ್ಯನದ್ದು ಎಷ್ಟು ಅಂತ ಬೇರ್ಪಡಿಸಬಹುದು. ಮೊಬೈಲ್ ಪರೀಕ್ಷೆಗೆ ಬೈಕಿನಿಂದ ದೂರ ಹೋಗಿ ಅಂದದ್ದೂ ಇದೇ ಕಾರಣಕ್ಕೆ.

ಅಲ್ಲಿ ಮುಖ್ಯವಾದದ್ದು ಬಲಕ್ಕಿಂತ ದಿಕ್ಕು. ಭೂಮಿಯ ಮುಂಭಾಗದಲ್ಲಿ ನಮ್ಮ ಬಲರೇಖೆಗಳು ಉತ್ತರಕ್ಕೆ ಮುಖ ಮಾಡಿರುತ್ತವೆ. ಸೂರ್ಯನಿಂದ ಬಿರುಗಾಳಿಯ ಜೊತೆ ಬರೋ ಗೆರೆಗಳೂ ಉತ್ತರಕ್ಕೇ ಮುಖ ಮಾಡಿದ್ದರೆ ಬಹುಪಾಲು ಬದಿಗೆ ಸರಿದು ಹೋಗುತ್ತವೆ. ದಕ್ಷಿಣಕ್ಕೆ ಮುಖ ಮಾಡಿದ್ದರೆ ಎದುರುಬದುರಾದ ಗೆರೆಗಳು ಸೇರುವಲ್ಲಿ ಕೈಯಿಲ್ಲದ ಕಂಬ, ಅಂದರೆ ತಟಸ್ಥ ಬಿಂದು ಹುಟ್ಟುತ್ತೆ. ಅಲ್ಲಿ ಗೆರೆಗಳು ಹಳೇ ಜೋಡಿ ಬಿಟ್ಟು ಹೊಸ ಜೋಡಿ ಕಟ್ಟಿಕೊಳ್ಳುತ್ತವೆ, ಸೂರ್ಯನ ಗೆರೆ ಭೂಮಿಯ ಗೆರೆಗೆ ಬೆಸೆದುಕೊಳ್ಳುತ್ತೆ. ಆ ದಾರಿಯಲ್ಲಿ ಸೂರ್ಯನ ಕಣಗಳ ಶಕ್ತಿ ಒಳಗೆ ನುಗ್ಗುತ್ತೆ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಇಂಥದೇ ಕಾಂತೀಯ ಬಿರುಗಾಳಿಗೆ ವಿದ್ಯುತ್ ಜಾಲ ಕುಸಿದು ಸುಮಾರು 60 ಲಕ್ಷ ಜನ 9 ಗಂಟೆ ಕತ್ತಲಲ್ಲಿದ್ದರು.

ಧ್ರುವದ ಹತ್ತಿರದ ದೇಶಗಳಷ್ಟು ಅಪಾಯ ನಮ್ಮ ಕಡೆಯ ಲೈನುಗಳಿಗಿಲ್ಲ. ಆದರೆ ಉಪಗ್ರಹಗಳು, ಜಿಪಿಎಸ್ ಎಲ್ಲರವೂ ಆ ಬಿರುಗಾಳಿಯ ದಾರಿಯಲ್ಲೇ ಇವೆ. ನೌಕೆ ನಿಂತ ಜಾಗಕ್ಕೆ ಬಿರುಗಾಳಿ ಬಂದ ಮೇಲೆ ಭೂಮಿಗೆ ತಲುಪೋಕೆ ಸಾಮಾನ್ಯವಾಗಿ ಒಂದು ಗಂಟೆಗಿಂತ ಕಡಿಮೆ ಹೊತ್ತು ಸಾಕು, ಎಚ್ಚರಿಕೆಗೆ ಸಿಗೋದು ಅಷ್ಟೇ ಸಮಯ. 2024ರ ಮೇ 10ರ ರಾತ್ರಿ ಬಂದ ದೊಡ್ಡ ಬಿರುಗಾಳಿಯ ಹೊತ್ತಿಗೆ ಲಡಾಖಿನ ಹಾನ್ಲೆಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸೋ ವೀಕ್ಷಣಾಲಯದ ಕ್ಯಾಮೆರಾಗಳು ಉತ್ತರದ ಅಂಚಿನಲ್ಲಿ ಕೆಂಪು ಬೆಳಕನ್ನ ಸೆರೆಹಿಡಿದವು. ಧ್ರುವಪ್ರದೇಶದಲ್ಲಿ ಕಾಣೋ ಬೆಳಕು ಅದು, ಬಲರೇಖೆಗಳ ಗುಂಟ ಇಳಿದ ಕಣಗಳು ಎತ್ತರದ ಆಮ್ಲಜನಕಕ್ಕೆ ತಾಗಿ ಹೊತ್ತಿಸಿದ್ದು.